ಒಂದು ಮೊಳ ದೂರದ ಭಾರ

ಮನೆ ಕಟ್ಟಿಸಲು ಹೊರಟವರು ಕಬ್ಬಿಣದ ಅಂಗಡಿಗೆ ಹೋಗಿ ಸರಳು ಕೇಳಿದರೆ ಅಂಗಡಿಯವರು ಬಂಡಲ್ ಲೆಕ್ಕದಲ್ಲಿ ಮಾತಾಡುತ್ತಾರೆ. 8 ಎಂ.ಎಂ. ಸರಳಾದರೆ ಬಂಡಲ್ಲಿಗೆ ಹತ್ತು, 10 ಎಂ.ಎಂ. ಆದರೆ ಏಳು, 12ರದು ಐದು, 16ರದು ಮೂರು, 20ರದು ಎರಡು. ಹತ್ತು, ಏಳು, ಐದು, ಮೂರು, ಎರಡು: ಈ ಸಂಖ್ಯೆಗಳಲ್ಲಿ ಮೊದಲ ನೋಟಕ್ಕೆ ಒಂದು ಕ್ರಮ ಕಾಣುವುದಿಲ್ಲ. ಆದರೆ ಗೌಂಡಿಗಳಿಗೂ ಬಾಯಿಪಾಠವಾಗಿರುವ ಒಂದು ಸೂತ್ರವಿದೆ. ಸರಳಿನ ದಪ್ಪವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋದಲ್ಲಿ ಬರುತ್ತದೆ. ಒಂದು ಸರಳು 12 ಮೀಟರ್ ಉದ್ದ, ಹೆಚ್ಚುಕಡಿಮೆ 40 ಅಡಿ. ಲೆಕ್ಕ ಹಾಕಿದರೆ ಆ ಐದು ಬಂಡಲ್ಲುಗಳ ತೂಕ ಕ್ರಮವಾಗಿ 47, 52, 53, 57, 59 ಕಿಲೋ. ಎಲ್ಲವೂ ಐವತ್ತರ ಆಸುಪಾಸು. ಇಬ್ಬರು ಆಳುಗಳು ಹೆಗಲ ಮೇಲಿಟ್ಟು ನಡೆಯಬಹುದಾದ ಭಾರ ಅದು. ಕಬ್ಬಿಣದ ಪೇಟೆ ತನ್ನ ಅಳತೆಯನ್ನು ಹಮಾಲರ ಹೆಗಲಿನಿಂದಲೇ ತೆಗೆದುಕೊಂಡಂತೆ ನನಗೆ ಕಾಣುತ್ತದೆ.

ನಮ್ಮ ಗದಗ–ಬೆಟಗೇರಿ ಪೇಟೆಯ ಪೂರ್ವಕ್ಕೆ ಉಕ್ಕಿನ ಸೀಮೆ ಇದೆ. ಕೊಪ್ಪಳದ ಗಿಣಿಗೇರಾ, ಅದರಾಚೆ ಬಳ್ಳಾರಿ ಜಿಲ್ಲೆಯ ತೋರಣಗಲ್ಲು. ಹೊಸಪೇಟೆ–ಹುಬ್ಬಳ್ಳಿ ಹೆದ್ದಾರಿಯಲ್ಲಿ ರಾತ್ರಿಯಿಡೀ ಲಾರಿಗಳು ಓಡುತ್ತವೆ. ನಸುಕಿನಲ್ಲಿ ಪೇಟೆಗೆ ಬಂದ ಲಾರಿಯ ಸರಳು ಗೋದಾಮಿಗೆ ಇಳಿಯುತ್ತದೆ. ಗೋದಾಮಿನಿಂದ ಟೆಂಪೋಕ್ಕೋ ಟ್ರ್ಯಾಕ್ಟರಿಗೋ ಏರಿ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ದಾರಿ ಹಿಡಿಯುತ್ತದೆ. ಅಲ್ಲಿ ಇಳಿದು, ಮನೆ ಕಟ್ಟುವ ಜಾಗದಲ್ಲಿ ಸರಳು ಬಗ್ಗಿಸುವವರ ಮುಂದೆ ಬಂದು, ಕೊನೆಗೆ ಸ್ಲ್ಯಾಬಿನ ಮೇಲೇರುತ್ತದೆ. ಒಂದೇ ಸರಳು ಕನಿಷ್ಠ ಐದು ಸಲ ಮನುಷ್ಯನ ಕೈಯಿಂದ ಎದ್ದು ಇಳಿಯುತ್ತದೆ. ಹೀಗಾಗಿ ಮನೆಯೊಂದಕ್ಕೆ 2 ಟನ್ ಕಬ್ಬಿಣ ಬಿದ್ದಿದೆ ಅಂದರೆ ಯಾರೋ ಕೆಲವರು ಸೇರಿ 10 ಟನ್ ಎತ್ತಿದ್ದಾರೆ ಎಂದೇ ಅರ್ಥ. ಆ ಲೆಕ್ಕ ಯಾವ ಬಿಲ್ಲಿನಲ್ಲಿಯೂ ಬರುವುದಿಲ್ಲ.

ಲಾರಿ ಖಾಲಿಯಾದ ಮೇಲೆ ಚಹಾದ ಅಂಗಡಿಯ ಮುಂದೆ ಕೂತವರನ್ನು ಮಾತಾಡಿಸಿದರೆ ಉತ್ತರ ಬಹುತೇಕ ಒಂದೇ.

"ಯಾಕ್ರೀ ಅಣ್ಣಾರ, ನಡಾ ಹಿಡದೈತೇನು?"

"ಏನಿಲ್ರೀ ಸರ, ಸ್ವಲ್ಪ ಚಳಕ ಹಿಡದೈತಿ. ಮಕ್ಕೊಂಡ ಎದ್ರ ಹೊಕ್ಕೈತಿ."

ಆ ಚಳಕು ಎಲ್ಲಿಂದ ಬಂತು? ಬಂಡಲ್ಲಿನ ಅರ್ಧ ಪಾಲು, 25 ಕಿಲೋ, ಎತ್ತುವುದು ಗಟ್ಟಿಮುಟ್ಟಾದ ಆಳಿಗೆ ದೊಡ್ಡ ಮಾತಲ್ಲ. ಆದರೆ ಕೈಯಲ್ಲಿರುವುದು 25 ಕಿಲೋ ಆದಾಗ ಬೆನ್ನಿನಲ್ಲಿ ಎಷ್ಟಿರುತ್ತದೆ ಎಂಬುದು ಬೇರೆಯೇ ಪ್ರಶ್ನೆ.

ಬಾವಿಯ ಏತವನ್ನು ನೆನಪಿಸಿಕೊಳ್ಳಿ. ಕಂಬದ ಮೇಲೆ ಅಡ್ಡಲಾಗಿ ತೂಗುವ ಮರ, ಉದ್ದನೆಯ ತುದಿಗೆ ನೀರಿನ ಕೊಡ, ಗಿಡ್ಡ ತುದಿಗೆ ಕಟ್ಟಿದ ಕಲ್ಲು. ಗಿಡ್ಡ ತುದಿಯ ಕಲ್ಲು ಕೊಡಕ್ಕಿಂತ ಎಷ್ಟೋ ಪಟ್ಟು ಭಾರವಾಗಿದ್ದರೆ ಮಾತ್ರ ಎರಡೂ ಸರಿದೂಗುತ್ತವೆ. ಮನುಷ್ಯನ ನಡುವೂ ಇಂಥದೊಂದು ಏತ. ಕಂಬದ ಜಾಗದಲ್ಲಿ ಬೆನ್ನೆಲುಬಿನ ಕೆಳಗಿನ ಗೆಣ್ಣು. ಮುಂದಿನ ಉದ್ದನೆಯ ತುದಿಯಲ್ಲಿ ಹೊರೆ. ಹಿಂದಿನ ಗಿಡ್ಡ ತುದಿಯಲ್ಲಿ ಬೆನ್ನಿನ ಸ್ನಾಯುಗಳು. ಆ ಗಿಡ್ಡ ತುದಿ ನಿಜಕ್ಕೂ ಬಹಳ ಗಿಡ್ಡ, ಸುಮಾರು 5 ಸೆಂಟಿಮೀಟರ್, ಮೂರು ಬೆರಳಗಲ.

ಈಗ ಒಬ್ಬ ಹಮಾಲ ಮೊಣಕಾಲು ಮಡಿಸದೆ ಬಗ್ಗಿ, ನೆಲದ ಮೇಲಿನ ಬಂಡಲ್ಲಿನ ಒಂದು ತುದಿ ಹಿಡಿದು ಎತ್ತುತ್ತಾನೆ ಎನ್ನಿ. ಅವನ ಪಾಲಿನ 25 ಕಿಲೋ ಬೆನ್ನೆಲುಬಿನಿಂದ ಒಂದು ಮೊಳ, ಅಂದರೆ 45 ಸೆಂಟಿಮೀಟರ್ ಮುಂದಿದೆ. ಹೊರೆಯ ಜೊತೆಗೆ ಅವನ ಮೇಲಿನ ಮೈಯೂ ಮುಂದಕ್ಕೆ ಬಾಗಿದೆ. 60 ಕಿಲೋ ಆಳಿನ ಮೇಲಿನ ಮೈ ಸುಮಾರು 36 ಕಿಲೋ, ಅದರ ಭಾರ 25 ಸೆಂಟಿಮೀಟರ್ ಮುಂದೆ ಬೀಳುತ್ತದೆ. 25ನ್ನು 45ರಿಂದ, 36ನ್ನು 25ರಿಂದ ಗುಣಿಸಿ ಕೂಡಿಸಿದರೆ 2025. ಇದನ್ನು ಸರಿದೂಗಿಸಬೇಕಾದ ಸ್ನಾಯುವಿನ ಬಳಿ ಇರುವುದು 5 ಸೆಂಟಿಮೀಟರ್ ಮಾತ್ರ. ಭಾಗಿಸಿದರೆ 405 ಕಿಲೋ! ಮೇಲಿನ ಮೈಯ ಮತ್ತು ಹೊರೆಯ ಭಾರವೂ ಸೇರಿ ಕೆಳಗಿನ ಗೆಣ್ಣಿನ ಮೇಲೆ ಬೀಳುವ ಒತ್ತಡ 450 ಕಿಲೋ ಹತ್ತಿರಕ್ಕೆ ಹೋಗುತ್ತದೆ. ಕೈಯಲ್ಲಿ ಕಾಲು ಕ್ವಿಂಟಲ್, ಬೆನ್ನಿನಲ್ಲಿ ನಾಲ್ಕೂವರೆ ಕ್ವಿಂಟಲ್.

ಅದೇ 25 ಕಿಲೋ ಹೊರೆಯನ್ನು ಮೈಗೆ ಒತ್ತಿ, ಒಂದು ಗೇಣು ದೂರದಲ್ಲಿ, ನಡ ನೆಟ್ಟಗಿಟ್ಟುಕೊಂಡು ಹಿಡಿದರೆ? ಮೇಲಿನ ಮೈಯ ಭಾರವೂ ಸೇರಿ ಸ್ನಾಯು ಎಳೆಯಬೇಕಾದ್ದು ಸುಮಾರು 146 ಕಿಲೋ. ಅದೇ ಆಳು, ಅದೇ ಕಬ್ಬಿಣ. ಬದಲಾದದ್ದು ಮೊಳ ಹೋಗಿ ಗೇಣಾದದ್ದು, ಬಾಗಿದ ಬೆನ್ನು ನೆಟ್ಟಗಾದದ್ದು. ಬೆನ್ನಿನ ಲೆಕ್ಕದಲ್ಲಿ ಭಾರಕ್ಕಿಂತ ದೂರ ದೊಡ್ಡದು. ಈ ಅಧ್ಯಾಯದಲ್ಲಿ ನಾನು ಹೇಳಬೇಕಾದ ಮುಖ್ಯ ಸಂಗತಿ ಇದೇ.

ಸ್ನಾಯುಗಳು ಹೊರೆಗಿಂತ ಹಲವು ಪಟ್ಟು ಹೆಚ್ಚು ಬಲ ಹಾಕಬೇಕಾಗುತ್ತದೆ ಎಂದು ಲೆಕ್ಕ ಮಾಡಿ ತೋರಿಸಿದವರಲ್ಲಿ ಮೊದಲಿಗ ಇಟಲಿಯ ಜೊವಾನ್ನಿ ಬೊರೆಲ್ಲಿ. ಅವನ ಪುಸ್ತಕ ಅಚ್ಚಾದದ್ದು ಅವನು ತೀರಿಕೊಂಡ ಮೇಲೆ, 1680ರ ಹೊತ್ತಿಗೆ. ಅದಾಗಿ ಇಪ್ಪತ್ತು ವರ್ಷಕ್ಕೆ, 1700ರಲ್ಲಿ, ಅದೇ ದೇಶದ ವೈದ್ಯ ಬರ್ನಾರ್ಡಿನೊ ರಾಮತ್ಸೀನಿ ದುಡಿಯುವವರ ಕಾಯಿಲೆಗಳ ಬಗ್ಗೆ ಬರೆದ ಗ್ರಂಥದಲ್ಲಿ ಹಮಾಲರಿಗೂ ಜಾಗ ಕೊಟ್ಟ. ಆದರೆ ಜೀವಂತ ಮನುಷ್ಯನ ಬೆನ್ನೊಳಗೆ ಒತ್ತಡ ಅಳೆದದ್ದು 1960ರ ದಶಕದಲ್ಲಿ. ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ ತಾವಾಗಿ ಒಪ್ಪಿ ಬಂದವರ ಬೆನ್ನೆಲುಬಿನ ಮಣಿಗಳ ನಡುವಿನ ಮೆತ್ತೆಯಾದ ಡಿಸ್ಕಿನೊಳಕ್ಕೆ ಸೂಜಿ ಇಳಿಸಿ, ನಿಂತಾಗ, ಕೂತಾಗ, ಬಗ್ಗಿ ಭಾರ ಹಿಡಿದಾಗ ಒತ್ತಡ ಎಷ್ಟೆಂದು ನೋಡಿದರು. ಬಗ್ಗಿ ಹಿಡಿದಾಗ ಅದು ನಿಂತಾಗಿನ ಎರಡರಷ್ಟನ್ನೂ ಮೀರಿತು. ಅಮೆರಿಕದ ಔದ್ಯೋಗಿಕ ಸುರಕ್ಷತೆಯ ರಾಷ್ಟ್ರೀಯ ಸಂಸ್ಥೆ ಇಂಥ ಅಳತೆಗಳನ್ನೆಲ್ಲ ಕೂಡಿಸಿ, ಕೆಳಬೆನ್ನಿನ ಮೇಲಿನ ಒತ್ತಡ 3400 ನ್ಯೂಟನ್, ಅಂದರೆ ಸುಮಾರು 350 ಕಿಲೋ ದಾಟಿದರೆ ಅಪಾಯ ಏರುತ್ತದೆ ಎಂದಿತು. 1991ರಲ್ಲಿ ಅದು ಪರಿಷ್ಕರಿಸಿದ ಸೂತ್ರದ ಪ್ರಕಾರ ಎಲ್ಲವೂ ಅನುಕೂಲವಾಗಿದ್ದಾಗ, ಅಂದರೆ ಹೊರೆ ಗೇಣು ದೂರದಲ್ಲಿ, ನಡದ ಮಟ್ಟದ ಹತ್ತಿರ, ಹಿಡಿ ಸರಿಯಾಗಿ ಸಿಗುವಂತಿದ್ದಾಗ, ಒಬ್ಬನು ಎತ್ತಬಹುದಾದದ್ದು 23 ಕಿಲೋ. ಹೊರೆ ಮೊಳ ದೂರ ಹೋಯಿತೆಂದರೆ ಅದು 13ಕ್ಕೆ ಇಳಿಯುತ್ತದೆ. ನೆಲದಿಂದ ಎತ್ತಬೇಕಾದರೆ ಇನ್ನೂ ಕಡಿಮೆ. ನಮ್ಮ ಹಮಾಲನ 25 ಕಿಲೋ ಇದರ ದುಪ್ಪಟ್ಟಿನ ಹತ್ತಿರ ನಿಂತಿದೆ.

ಇಲ್ಲಿ ನಮ್ಮ ಕಡೆಯ ಒಬ್ಬ ಹಿರಿಯ ಎದ್ದು ನಿಂತು ಕೇಳಬಹುದು: "ನಮ್ಮ ಹುಡುಗ್ರು ಜಾತ್ರ್ಯಾಗ ಸಂಗ್ರಾಣಿ ಕಲ್ಲ ಎತ್ತತಾರಲ್ಲ, ಅವರ ನಡಾ ಯಾಕ ಮುರಿಯಂಗಿಲ್ಲ?" ಬಲು ಒಳ್ಳೆಯ ಪ್ರಶ್ನೆ. ಉತ್ತರ ಕರ್ನಾಟಕದಲ್ಲಿ ಸಂಗ್ರಾಣಿ ಕಲ್ಲು, ಗುಂಡು, ತುಂಬಿದ ಚೀಲ ಎತ್ತುವ ಪಂದ್ಯ ಊರ ಮರ್ಯಾದೆಯ ಸಂಗತಿ. ಎತ್ತಿದವನಿಗೆ ಪೇಟ, ಬೆಳ್ಳಿ ಕಡಗ. ಆದರೆ ಪೈಲ್ವಾನ ಎತ್ತುವುದನ್ನು ಗಮನಿಸಿ ನೋಡಿ. ಕಲ್ಲನ್ನು ಮೊದಲು ತೊಡೆಯ ಮೇಲೆ ತರುತ್ತಾನೆ, ಅಲ್ಲಿಂದ ಹೊಟ್ಟೆಗೆ ಅಪ್ಪಿಕೊಳ್ಳುತ್ತಾನೆ, ಎದೆಯ ಮೇಲೆ ಹೊರಳಿಸಿ ಹೆಗಲಿಗೇರಿಸುತ್ತಾನೆ. ಕಲ್ಲು ಅವನ ಮೈ ಬಿಟ್ಟು ಒಂದು ಗೇಣು ಸಹ ಆಚೆ ಹೋಗುವುದಿಲ್ಲ. ಗರಡಿಯಲ್ಲಿ ವರ್ಷಗಟ್ಟಲೆ ಸಾಮು ಮಾಡಿರುತ್ತಾನೆ, ತುಪ್ಪ ಬಾದಾಮಿ ತಿಂದಿರುತ್ತಾನೆ, ಜಾತ್ರೆಯಲ್ಲಿ ಎತ್ತುವುದು ಒಂದೆರಡು ಸಲ. ಹಮಾಲನ ಕೈಗೆ ಬರುವುದು ಅಪ್ಪಿಕೊಳ್ಳಲಾಗದ ಹೊರೆ. ಅದು ಉದ್ದ, ಚೂಪು, ಬಿಸಿಲಿಗೆ ಕಾದದ್ದು. ಅದನ್ನು ದಿನಕ್ಕೆ ನೂರಾರು ಸಲ, ರೊಟ್ಟಿ–ಖಾರದ ಮೇಲೆ, ವಾರದ ಆರು ದಿನ ಎತ್ತಬೇಕು. ಪೈಲ್ವಾನನ ಮರ್ಯಾದೆಯನ್ನು ಹಮಾಲನ ಮೇಲೆ ಹೊರಿಸಿ, "ಇಷ್ಟೂ ಎತ್ತಾಕ ಆಗಂಗಿಲ್ಲೇನೋ?" ಎಂದು ಕೆಣಕುವುದು ಎಷ್ಟೋ ಬೆನ್ನುಗಳನ್ನು ತಿಂದಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಒತ್ತಡ ಬೀಳುವ ಆ ಡಿಸ್ಕು ಎಂಥದ್ದು? ಬೆನ್ನೆಲುಬಿನ ಮಣಿಗಳ ನಡುವೆ ಮೆತ್ತೆಯಂತೆ 23 ಡಿಸ್ಕುಗಳಿವೆ. ಒಳಗೆ ಲೋಳೆಯಂಥ ತಿರುಳು, ಹರೆಯದಲ್ಲಿ ಅದರ ಮುಕ್ಕಾಲಿಗಿಂತ ಹೆಚ್ಚು ಭಾಗ ನೀರು. ಸುತ್ತ ಈರುಳ್ಳಿಯ ಪದರಗಳಂತೆ ನಾರಿನ ಉಂಗುರ. ಬೆಳೆದವರ ಡಿಸ್ಕಿನ ತಿರುಳಿಗೆ ರಕ್ತನಾಳವೇ ಇಲ್ಲ. ಆಹಾರ, ನೀರು ಎಲ್ಲವೂ ಅಕ್ಕಪಕ್ಕದ ಎಲುಬಿನಿಂದ ನಿಧಾನವಾಗಿ ಜಿನುಗಿ ಬರಬೇಕು. ಆದ್ದರಿಂದಲೇ ಹರಿದ ಡಿಸ್ಕು ಕುಯ್ದ ಚರ್ಮದಂತೆ ಬೇಗ ಕೂಡಿಕೊಳ್ಳುವುದಿಲ್ಲ. ಉಂಗುರ ಹರಿದು ತಿರುಳು ಹೊರಚಾಚಿ ಪಕ್ಕದ ನರವನ್ನು ಒತ್ತಿದರೆ ತೊಡೆ, ಮೀನಖಂಡ, ಪಾದದವರೆಗೆ ಮಿಂಚು ಹರಿದಂಥ ನೋವು. ಕಾಲಿನ ಈ ನೋವಿಗೆ ಬೆನ್ನಿನ ಡಿಸ್ಕು ಕಾರಣವೆಂದು ಅಮೆರಿಕದ ಮಿಕ್ಸ್‌ಟರ್ ಮತ್ತು ಬಾರ್ ಎಂಬ ಇಬ್ಬರು ಶಸ್ತ್ರವೈದ್ಯರು ತೋರಿಸಿಕೊಟ್ಟದ್ದು 1934ರಲ್ಲಿ. ಅಲ್ಲಿಯವರೆಗೆ ಇಂಥ ಕಾಲುನೋವಿಗೆ ಹೆಚ್ಚಾಗಿ ಕಾಲನ್ನೇ ತಿಕ್ಕುತ್ತಿದ್ದರು.

ಡಿಸ್ಕಿನ ಬಗ್ಗೆ ಇನ್ನೊಂದು ಸಂಗತಿ ನಮ್ಮ ಪೇಟೆಗೆ ನೇರವಾಗಿ ಸಂಬಂಧಪಟ್ಟದ್ದು. ರಾತ್ರಿ ಮಲಗಿದಾಗ ಡಿಸ್ಕುಗಳ ಮೇಲಿನ ಭಾರ ಇಳಿಯುತ್ತದೆ, ಅವು ನೀರು ಹೀರಿ ಉಬ್ಬುತ್ತವೆ. ಬೆಳಿಗ್ಗೆ ನಾವು ಹಿಂದಿನ ಸಂಜೆಗಿಂತ ಒಂದರಿಂದ ಎರಡು ಸೆಂಟಿಮೀಟರ್ ಎತ್ತರ ಇರುತ್ತೇವೆ. ಎದ್ದ ಮೇಲೆ ನೀರು ಹಿಂಡಿಹೋಗುತ್ತದೆ. ದಿನವಿಡೀ ಇಳಿಯುವ ಎತ್ತರದ ಹೆಚ್ಚುಕಡಿಮೆ ಅರ್ಧ ಮೊದಲ ಒಂದು ತಾಸಿನಲ್ಲೇ ಇಳಿಯುತ್ತದೆ. ನೀರು ತುಂಬಿ ಬಿಗಿದ ಚರ್ಮದ ಬುದ್ದಲಿಯನ್ನು ಬಗ್ಗಿಸಿ ನೋಡಿ, ಅರ್ಧ ಖಾಲಿಯಾದದ್ದನ್ನು ಬಗ್ಗಿಸಿ ನೋಡಿ. ಬಿಗಿದದ್ದರ ಹೊಲಿಗೆಯ ಮೇಲೆ ಎಳೆತ ಎಷ್ಟೋ ಹೆಚ್ಚು. ಬ್ರಿಟನ್ನಿನ ಮೈಕೇಲ್ ಆಡಮ್ಸ್ ಮತ್ತು ಸಂಗಡಿಗರು 1987ರಲ್ಲಿ ತೋರಿಸಿದ್ದು ಇದನ್ನೇ: ನಸುಕಿನಲ್ಲಿ ಬಗ್ಗಿದಾಗ ಡಿಸ್ಕಿನ ಮೇಲಿನ ಬಾಗುವಿಕೆಯ ಒತ್ತಡ ಸಂಜೆಗಿಂತ ಹಲವು ಪಟ್ಟು. ಸುಮಾರು ಹತ್ತು ವರ್ಷದ ನಂತರ ಅಮೆರಿಕದಲ್ಲಿ ಬೆನ್ನುನೋವಿನವರಿಗೆ ಎದ್ದ ಮೊದಲ ತಾಸುಗಳಲ್ಲಿ ಬಗ್ಗಬೇಡಿ ಎಂದು ಕಲಿಸಿ ನೋಡಿದಾಗ ಅವರ ನೋವು ಇಳಿಯಿತು. ಈಗ ನಮ್ಮ ಲಾರಿಯನ್ನು ನೆನೆಸಿಕೊಳ್ಳಿ. ಅದು ರಾತ್ರಿಯಿಡೀ ಓಡಿ ನಸುಕಿಗೆ ಬರುತ್ತದೆ. ಚಾಲಕನಿಗೆ ಬೇಗ ಖಾಲಿ ಮಾಡಿ ಹೊರಡುವ ಅವಸರ. ಚಾಪೆಯಿಂದ ಎದ್ದು ಮುಖ ತೊಳೆದು ನೇರವಾಗಿ ಬಂದ ಹಮಾಲನ ಡಿಸ್ಕು ದಿನದಲ್ಲಿ ಅತ್ಯಂತ ಬಿಗಿದಿರುವ ಹೊತ್ತಿಗೇ ಅವನ ಕೈಗೆ ದಿನದ ಅತ್ಯಂತ ಭಾರದ ಕೆಲಸ ಬೀಳುತ್ತದೆ.

ಆದರೂ ಬೆನ್ನು ಒಂದೇ ದಿನಕ್ಕೆ ಕೈಕೊಡುವುದು ಅಪರೂಪ. ಸರಳು ಕಟ್ಟುವವರು ಬೈಂಡಿಂಗ್ ತಂತಿಯನ್ನು ತುಂಡು ಮಾಡಬೇಕಾದರೆ ಒಂದೇ ಕಡೆ ಹತ್ತಾರು ಸಲ ಹಿಂದೆ ಮುಂದೆ ಬಗ್ಗಿಸುತ್ತಾರೆ. ಒಂದು ಸಲ ಬಗ್ಗಿಸಿದರೆ ಮುರಿಯದ ತಂತಿ ಇಪ್ಪತ್ತನೆಯ ಸಲಕ್ಕೆ ಮುರಿಯುತ್ತದೆ. ಲೋಹದ ಈ ದಣಿವನ್ನು ಜರ್ಮನಿಯ ಆಗಸ್ಟ್ ವೋಲರ್ 1850–60ರ ದಶಕಗಳಲ್ಲಿ ರೈಲಿನ ಅಚ್ಚುಗಳ ಮೇಲೆ ಅಧ್ಯಯನ ಮಾಡಿದ. ಡಿಸ್ಕಿನ ನಾರುಗಳದ್ದೂ ಅದೇ ಕತೆ. ಪ್ರಯೋಗಾಲಯದಲ್ಲಿ ಹಂದಿಯ ಬೆನ್ನೆಲುಬಿನ ತುಂಡುಗಳನ್ನು ಸಾಧಾರಣ ಭಾರದಲ್ಲೇ ಸಾವಿರಾರು ಸಲ ಬಗ್ಗಿಸಿದಾಗ ಉಂಗುರ ಸೀಳಿ ತಿರುಳು ಹೊರಬಂತು. ಜೀವಂತ ಮೈಗೆ ತಂತಿಗಿಲ್ಲದ ಒಂದು ಅನುಕೂಲವುಂಟು, ಅದು ದುರಸ್ತಿ ಮಾಡಿಕೊಳ್ಳುತ್ತದೆ. ಅದಕ್ಕೆ ಬೇಕಾದ್ದು ಬಿಡುವು. ಟನ್ನಿನ ಲೆಕ್ಕದಲ್ಲಿ ಕೂಲಿ ಕೊಡುವ ಪೇಟೆಯಲ್ಲಿ ಸಿಗದಿರುವುದೂ ಅದೇ.

ಹೊರುವವರು ಇಬ್ಬರಾದಾಗ ಇನ್ನೊಂದು ಅಪಾಯ ಸೇರುತ್ತದೆ. ಬಂಡಲ್ ಇಳಿಸುವಾಗ ಒಬ್ಬ ಮೊದಲು ಕೈಬಿಟ್ಟರೆ ಇನ್ನೊಬ್ಬನ ಮೇಲೆ ಇಡೀ ಭಾರ ಬೀಳುತ್ತದೆ ಎಂದು ನಾವೆಲ್ಲ ಭಾವಿಸುತ್ತೇವೆ. ಭೌತಶಾಸ್ತ್ರ ಹೇಳುವುದು ಬೇರೆ. ಒಂದು ತುದಿ ಬೀಳತೊಡಗಿದ ಕ್ಷಣದಲ್ಲಿ ಇನ್ನೊಂದು ತುದಿ ಹಿಡಿದವನ ಭಾರ ಒಟ್ಟು ತೂಕದ ಅರ್ಧದಿಂದ ಕಾಲಿಗೆ ಇಳಿಯುತ್ತದೆ. 25 ಕಿಲೋಕ್ಕೆ ಬಿಗಿದುಕೊಂಡಿದ್ದ ಅವನ ಸ್ನಾಯುಗಳಿಗೆ ಇದ್ದಕ್ಕಿದ್ದಂತೆ ಹನ್ನೆರಡೂವರೆ. ಮೈ ಹಿಂದಕ್ಕೆ ವಾಲುತ್ತದೆ. ಮರುಕ್ಷಣ ಆಚೆಯ ತುದಿ ನೆಲಕ್ಕೆ ಬಡಿದು ಪುಟಿದಾಗ ಆ ಏಟು 40 ಅಡಿ ಉಕ್ಕಿನುದ್ದಕ್ಕೂ ಓಡಿ ಬಂದು ಇವನ ಹೆಗಲಿಗೆ, ಕಿವಿಗೆ, ದವಡೆಗೆ ಬಡಿಯುತ್ತದೆ. ಹಗುರಾಗಿದ್ದು, ವಾಲಿದ್ದು, ಹೊಡೆತ ಬಿದ್ದದ್ದು ಎಲ್ಲವೂ ಕಣ್ಣು ಮಿಟುಕಿಸುವಷ್ಟರಲ್ಲಿ. "ಐಸಾ" ಎಂದು ಕೂಗುತ್ತ ಒಟ್ಟಿಗೆ ಎತ್ತಿ ಒಟ್ಟಿಗೆ ಬಿಡುವ ಹಳೆಯ ರೂಢಿ ಬರೀ ಹುರುಪಿಗಾಗಿ ಹುಟ್ಟಿದ್ದಲ್ಲ. ಸರಳನ್ನು ಅರ್ಧಕ್ಕೆ ಮಡಿಸಿ ಕಟ್ಟಿದ ಬಂಡಲ್ಲಿನಲ್ಲಿಯೂ ಅಪಾಯ ಅಡಗಿದೆ. ಮಡಿಸಿದ ಉಕ್ಕಿನಲ್ಲಿ ಸ್ವಲ್ಪ ಸ್ಪ್ರಿಂಗಿನ ಗುಣ ಉಳಿದಿರುತ್ತದೆ, ಕಟ್ಟಿದ ತಂತಿ ಕತ್ತರಿಸಿದಾಗ ತುದಿ ಸಿಡಿಯುತ್ತದೆ. ಕತ್ತರಿಸುವವನು ಪಕ್ಕದಲ್ಲಿ ನಿಲ್ಲಬೇಕು, ಎದುರಿಗಲ್ಲ.

ಗದಗ ಜಂಕ್ಷನ್ನಿನ ಹಳಿಯ ಗ್ಯಾಂಗಿನವರಿಗೆ ಈ ಹಂಚಿಕೆಯ ಲೆಕ್ಕ ಚೆನ್ನಾಗಿ ಗೊತ್ತು. 60 ಕಿಲೋ ಹಳಿ ಎಂದರೆ ಮೀಟರಿಗೆ 60 ಕಿಲೋ. 13 ಮೀಟರಿನ ಒಂದು ತುಂಡು 780 ಕಿಲೋ. ಹನ್ನೆರಡು ಜನ ಹಿಡಿದರೂ ತಲೆಗೆ 65. ಅದೂ ಎಲ್ಲರ ಪಾಲು ಸಮನಾಗಿದ್ದರೆ ಮಾತ್ರ. ಹಳಿ ಬಾಗದ ವಸ್ತುವಾದ್ದರಿಂದ ಹೆಗಲ ಮೇಲಿಟ್ಟರೆ ಎತ್ತರದವನ ಮೇಲೆ ಭಾರ, ಗಿಡ್ಡನೆಯವನ ಹೆಗಲು ಖಾಲಿ. ಅದಕ್ಕೇ ಅದನ್ನು ಇಕ್ಕಳದಲ್ಲಿ ಹಿಡಿದು, ಕೈ ಇಳಿಬಿಟ್ಟು, ನೆಲದ ಹತ್ತಿರದಲ್ಲೇ ಸಾಗಿಸುತ್ತಾರೆ.

ತಗಡಿನ ಕೆಲಸದವರ ಶತ್ರು ಬೇರೆ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ಸಾಲಾಗಿ ನಿಂತಿರುವುದು ಈ ಸೀಮೆಯಲ್ಲಿ ಗಾಳಿ ಇರುವುದರಿಂದಲೇ. ಹನ್ನೆರಡು ಅಡಿ ಉದ್ದ, ಮೂರೂವರೆ ಅಡಿ ಅಗಲ, ಅರ್ಧ ಎಂ.ಎಂ. ದಪ್ಪದ ಛಾವಣಿ ತಗಡಿನ ತೂಕ ಸುಮಾರು 15 ಕಿಲೋ. ತಾಸಿಗೆ 36 ಕಿ.ಮೀ. ವೇಗದ ಆಷಾಢದ ಗಾಳಿಗೆ ಅದನ್ನು ಎದುರಾಗಿ ಹಿಡಿದರೆ ಗಾಳಿಯ ತಳ್ಳು 28 ಕಿಲೋ ಹತ್ತಿರ, ತಗಡಿನ ತೂಕಕ್ಕಿಂತ ಹೆಚ್ಚು. ಗಾಳಿಯ ವೇಗ ಇಮ್ಮಡಿಯಾದರೆ ತಳ್ಳು ನಾಲ್ಕು ಪಟ್ಟಾಗುತ್ತದೆ. ಮಾಡಿನ ಮೇಲೆ ನಿಂತವನಿಗೆ ಅದು ತಗಡಲ್ಲ, ಹಾಯಿ. ಟ್ರ್ಯಾಲಿ ಕಟ್ಟುವ ವೆಲ್ಡಿಂಗ್ ಅಂಗಡಿಗಳ ದಪ್ಪ ಪ್ಲೇಟಿನ ಮಾತೇ ಬೇರೆ: ಎಂಟಡಿ–ನಾಲ್ಕಡಿಯ 5 ಎಂ.ಎಂ. ಪ್ಲೇಟು 117 ಕಿಲೋ. ಅದನ್ನು ನಾಲ್ವರು ಅಂಚು ಹಿಡಿದು ಎತ್ತುವ ಬದಲು ಎರಡು ಪೈಪು ಕೆಳಗಿಟ್ಟು ಉರುಳಿಸಬಹುದು, ಚೈನ್ ಪುಲ್ಲಿಗೆ ತೂಗುಹಾಕಬಹುದು.

ಮುಂಡರಗಿ, ಶಿರಹಟ್ಟಿ ಕಡೆಯ ರೈತರು ಈ ಅಧ್ಯಾಯವನ್ನು ಪೇಟೆಯವರ ಸಂಕಟ ಎಂದುಕೊಂಡು ಬಿಟ್ಟುಬಿಡಬಾರದು. ಬೋರಿನ ಮೋಟಾರು ಕೆಟ್ಟ ದಿನ ಹೊಲದಲ್ಲಿ ನಡೆಯುವುದೂ ಇದೇ. ಎರಡಿಂಚಿನ ಜಿ.ಐ. ಪೈಪು ಇಪ್ಪತ್ತಡಿಗೆ ಸುಮಾರು 30 ಕಿಲೋ. 400 ಅಡಿ ಇಳಿಸಿದ್ದರೆ ಇಪ್ಪತ್ತು ಪೈಪು, 600 ಕಿಲೋ. ಕೆಳಗೆ ಮೋಟಾರು, ಪಂಪಿನ 50–60 ಕಿಲೋ. ನೀರು ಹಿಂದೆ ಹೋಗದಂತೆ ತಡೆಯುವ ವಾಲ್ವು ಸರಿಯಾಗಿದ್ದರೆ ಪೈಪಿನೊಳಗೆ ನಿಂತ ನೀರೇ ಇನ್ನೂ 270 ಕಿಲೋ. ಹತ್ತಿರ ಹತ್ತಿರ ಒಂದು ಟನ್ ಕಬ್ಬಿಣ–ನೀರು ಒಂದು ಕ್ಲ್ಯಾಂಪಿನ ಮೇಲೆ ತೂಗುತ್ತಿರುತ್ತದೆ. ಕ್ಲ್ಯಾಂಪು ಬದಲಿಸುವ ಗಳಿಗೆಯಲ್ಲಿ ಜೋಡಣೆಯ ಬಳಿ ಬೆರಳಿಟ್ಟವನಿಗೆ ಪೈಪು ಅರ್ಧ ಇಂಚು ಜಾರಿದರೂ ಸಾಕು. ಸರಪಳಿ ಹೊತ್ತ ಮೂರುಕಾಲಿನ ಸ್ಟ್ಯಾಂಡು ಮೆತ್ತನೆಯ ಎರೆಮಣ್ಣಿನಲ್ಲಿ ಕುಸಿಯುವುದೂ ಉಂಟು. ಕಾಲಡಿಗೆ ಹಲಗೆ ಕೊಡದೆ ಎತ್ತಬಾರದು. ಈಗ ಬೋರಿಗೆಂದೇ ತಯಾರಾದ ಗಟ್ಟಿ ಪ್ಲಾಸ್ಟಿಕ್ ಪೈಪುಗಳು ಬಂದಿವೆ, ತೂಕ ಕಬ್ಬಿಣದ್ದರ ಅರ್ಧಕ್ಕಿಂತ ಕಡಿಮೆ. ಹೊಸ ಬೋರು ಹಾಕಿಸುವವರು ಬೆಲೆ, ಬಾಳಿಕೆಯ ಜೊತೆ ಇದನ್ನೂ ಲೆಕ್ಕಕ್ಕೆ ಹಿಡಿಯಲಿ.

ಬೆರಳಿನ ವಿಷಯಕ್ಕೆ ಬಂದದ್ದರಿಂದ ಎರಡು ಮಾತು. ಒಂದು ಲೀಟರ್ ನೀರು ಒಂದು ಕಿಲೋ. ಅಷ್ಟೇ ಜಾಗದ ಉಕ್ಕು 7.85 ಕಿಲೋ. ಹತ್ತಿಯ ಅಂಡಿಗೆಯೂ ಭಾರವೇ, ಆದರೆ ಅದು ಕೈ ಮೇಲೆ ಬಿದ್ದರೆ ಹರಡಿಕೊಂಡು ಬೀಳುತ್ತದೆ. ಉಕ್ಕಿನ ಭಾರವೆಲ್ಲ ಒಂದು ಅಂಚಿನಲ್ಲಿ ಬೀಳುತ್ತದೆ. ಹವಾಯಿ ಚಪ್ಪಲಿಯ ಮೇಲೆ ಬಿದ್ದರೆ ಹೇಳುವುದೇ ಬೇಡ. ಸುರಕ್ಷತಾ ಬೂಟಿನ ಮುಂದಿನ ಟೊಪ್ಪಿಗೆಯನ್ನು 200 ಜೂಲ್ ಏಟಿಗೆ ಪರೀಕ್ಷಿಸಿರುತ್ತಾರೆ. ಅದು 20 ಕಿಲೋ ವಸ್ತು ಒಂದು ಮೀಟರ್ ಮೇಲಿನಿಂದ ಬಿದ್ದಷ್ಟು. ಬೆರಳು ತುಂಡಾಗಿ ಬಿದ್ದರೆ ಅದನ್ನು ತೊಳೆದು, ಒದ್ದೆಯಾದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಆ ಚೀಲವನ್ನು ಮಂಜುಗಡ್ಡೆಯಲ್ಲಿಟ್ಟುಕೊಂಡು ತಡಮಾಡದೆ ಆಸ್ಪತ್ರೆಗೆ ಓಡಬೇಕು. ಮಂಜುಗಡ್ಡೆ ಬೆರಳಿಗೆ ನೇರ ತಾಗಬಾರದು.

ಇನ್ನೊಂದು, ನಂಜಿನ ಮಾತು. ತುಕ್ಕು ಹಿಡಿದ ಕಬ್ಬಿಣ ತಾಗಿದರೆ ಧನುರ್ವಾಯು ಬರುತ್ತದೆ ಎಂದು ನಂಬಿರುವವರು ಬಹಳ. ತುಕ್ಕಿನಲ್ಲಿ ಆ ರೋಗವಿಲ್ಲ. ಅದನ್ನು ತರುವ ಬ್ಯಾಕ್ಟೀರಿಯಾದ ಬೀಜಗಳಿರುವುದು ಮಣ್ಣು ಮತ್ತು ಸಗಣಿಯಲ್ಲಿ. ನೆಲದ ಮೇಲೆ ಬಿದ್ದಿದ್ದ ಹೊಸ ಹೊಳೆಯುವ ಸರಳು ಚುಚ್ಚಿದರೂ ಅಷ್ಟೇ ಅಪಾಯ. ಹತ್ತು ವರ್ಷಕ್ಕೊಮ್ಮೆ ಚುಚ್ಚುಮದ್ದು ಬೇಕು. ಗಾಯ ಆಳವಾಗಿ ಮಣ್ಣಾಗಿದ್ದರೆ, ಹಿಂದಿನದಾಗಿ ಐದು ವರ್ಷ ಕಳೆದಿದ್ದರೆ ಮತ್ತೆ ಹಾಕಿಸಬೇಕು.

ನಡ ಹಿಡಿದವರು ನಮ್ಮಲ್ಲಿ ಏನು ಮಾಡುತ್ತಾರೆ? ಕಾಲು ಮುಂದಾಗಿ ಹುಟ್ಟಿದವರನ್ನು ಹುಡುಕಿ ಬೆನ್ನಿಗೆ ಒದಿಸಿಕೊಳ್ಳುತ್ತಾರೆ. ಉಳುಕು ತೆಗೆಯುವವರ ಹತ್ತಿರ ಹೋಗುತ್ತಾರೆ. ಕೆಲವೇ ದಿನದಲ್ಲಿ ಗುಣವೂ ಆಗುತ್ತದೆ. ಏಕೆಂದರೆ ಬಹುಪಾಲು ಬೆನ್ನುನೋವು ಸ್ನಾಯುವಿನ ಬಿಗಿತ, ಅದು ಏನೂ ಮಾಡದಿದ್ದರೂ ಕೆಲವು ವಾರಗಳಲ್ಲಿ ಇಳಿಯುವಂಥದು. ಕೀರ್ತಿ ಒದ್ದವರಿಗೆ ಹೋಗುತ್ತದೆ. ಆದರೆ ಡಿಸ್ಕು ಹರಿದವನ ಬೆನ್ನಿಗೆ ಒದೆ ಬಿದ್ದರೆ? ಆ ಜೂಜು ಆಡಲೇಬಾರದು. ಕಾಲು ಜೋಮು ಹಿಡಿದು ಹೆಜ್ಜೆ ಎಳೆಯುವಂತಾದರೆ, ತೊಡೆಸಂದಿಯ ಸುತ್ತ ಸ್ಪರ್ಶ ತಿಳಿಯದಿದ್ದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ ನಾಳೆ ನೋಡೋಣ ಎನ್ನದೆ ಅದೇ ದಿನ ದೊಡ್ಡಾಸ್ಪತ್ರೆಗೆ ಹೋಗಬೇಕು. ಉಳಿದಂತೆ ಸಾದಾ ನೋವಿಗೆ ವಾರಗಟ್ಟಲೆ ಮಲಗುವುದು ಮದ್ದಲ್ಲ. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಹೋಲಿಸಿ ನೋಡಿದಾಗ, ಹಾಸಿಗೆ ಹಿಡಿದವರಿಗಿಂತ ನೋವು ತಾಳಿದಷ್ಟು ಓಡಾಡಿಕೊಂಡಿದ್ದವರೇ ಬೇಗ ಚೇತರಿಸಿಕೊಂಡಿದ್ದರು.

ನಡಕ್ಕೆ ವಸ್ತ್ರ ಬಿಗಿದುಕೊಳ್ಳುವುದು, ಅದರ ಹೊಸ ರೂಪವಾದ ಬೆಲ್ಟು ಹಾಕಿಕೊಳ್ಳುವುದು ಧೈರ್ಯ ಕೊಡುತ್ತದೆ, ನಿಜ. ಆದರೆ ಅಮೆರಿಕದ ಅಂಗಡಿ ನೌಕರರ ಮೇಲೆ ನಡೆದ ದೊಡ್ಡ ಅಧ್ಯಯನವೊಂದರಲ್ಲಿ ಬೆಲ್ಟು ಹಾಕಿದವರ ಬೆನ್ನುನೋವು ಹಾಕದವರಿಗಿಂತ ಕಡಿಮೆಯಾಗಲಿಲ್ಲ. ಇನ್ನೂ ಬೇಸರದ ಸಂಗತಿ, ಸರಿಯಾಗಿ ಎತ್ತುವುದು ಹೇಗೆಂದು ಬರೀ ಪಾಠ ಹೇಳುವುದರಿಂದಲೂ ದೊಡ್ಡ ಪ್ರಯೋಜನ ಕಂಡುಬಂದಿಲ್ಲ. ಕಾರಣ ಸರಳ. ಸರಳಿನ ಬಂಡಲ್ ನೆಲದ ಮೇಲೆ ಬಿದ್ದಿರುವವರೆಗೆ, ಪಾಠ ಕೇಳಿದವನೂ ಬಗ್ಗಲೇಬೇಕು. ಬದಲಾಗಬೇಕಾದ್ದು ಕಬ್ಬಿಣ ಇಡುವ ಜಾಗ.

ಕಾನೂನು ಈ ಮಾತನ್ನು ಹೇಳದೆ ಬಿಟ್ಟಿಲ್ಲ. 1948ರ ಕಾರ್ಖಾನೆ ಕಾಯ್ದೆಯ 34ನೇ ಕಲಮು ಪೆಟ್ಟಾಗುವಷ್ಟು ಭಾರವನ್ನು ಯಾರಿಂದಲೂ ಹೊರಿಸಬಾರದು ಎಂದಿತು. 1967ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಒಬ್ಬ ಹೊರಬಹುದಾದ ಗರಿಷ್ಠ ತೂಕದ ಬಗ್ಗೆ ಒಪ್ಪಂದ ತಂದು, ಜೊತೆಗಿನ ಶಿಫಾರಸಿನಲ್ಲಿ ಗಂಡಾಳಿಗೆ 55 ಕಿಲೋ ಎಂದು ಗೆರೆ ಎಳೆಯಿತು. ಭಾರತ ಆ ಒಪ್ಪಂದವನ್ನು ಅನುಮೋದಿಸಿದ್ದು 2010ರಲ್ಲಿ. ಆದರೆ ಮೂರು ನಾಲ್ಕು ಹಮಾಲರು ಬಂದು ಹೋಗುವ ಅಂಗಡಿಗೆ ಕಾರ್ಖಾನೆಯ ಆ ಕಾಯ್ದೆ ತಲುಪಲೇ ಇಲ್ಲ. ಅವರು ಯಾರ ನೌಕರರೂ ಅಲ್ಲ, ಎಲ್ಲರ ಕೂಲಿಗಳು. ಈ ಗಂಟನ್ನು ಬಿಡಿಸಲು ಮಹಾರಾಷ್ಟ್ರ 1969ರಲ್ಲಿ ಮಾಥಾಡಿ ಕಾಯ್ದೆ ಮಾಡಿತು. ಹೊರೆಯಾಳುಗಳೆಲ್ಲ ಒಂದು ಮಂಡಳಿಯಲ್ಲಿ ಹೆಸರು ಬರೆಸುತ್ತಾರೆ, ವ್ಯಾಪಾರಿಗಳು ಕೂಲಿಯ ಜೊತೆ ಇಂತಿಷ್ಟು ಹಣವನ್ನು ಮಂಡಳಿಗೆ ಕಟ್ಟುತ್ತಾರೆ, ಪೆಟ್ಟಾದಾಗ, ವಯಸ್ಸಾದಾಗ ಅದು ಒದಗುತ್ತದೆ. ಮುಂಬಯಿಯ ಕಬ್ಬಿಣ–ಉಕ್ಕಿನ ಪೇಟೆಯವರಿಗೆಂದೇ ಪ್ರತ್ಯೇಕ ಮಂಡಳಿ ಇದೆ. ನಮ್ಮಲ್ಲಿ ಕರ್ನಾಟಕ ರಾಜ್ಯ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಮಂಡಳಿಯ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯಲ್ಲಿ ಹಮಾಲರು, ಮೆಕ್ಯಾನಿಕ್ಕುಗಳು, ಕಮ್ಮಾರರು ಹೆಸರು ನೋಂದಾಯಿಸಬಹುದು. ಸರಳು ಕಟ್ಟುವವರಿಗೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಇದೆ. ಪೆಟ್ಟಾದ ಮೇಲೆ ಹೆಸರು ಬರೆಸಲು ಹೋದರೆ ಉಪಯೋಗವಿಲ್ಲ, ಇವತ್ತೇ ಬರೆಸಿಕೊಳ್ಳಿ.

ಲಕ್ಷ್ಮೇಶ್ವರದಲ್ಲೋ ಬೆಟಗೇರಿಯಲ್ಲೋ ಮನೆ ಕಟ್ಟಿಸುತ್ತಿರುವ ಓದುಗರಲ್ಲಿ ನನ್ನದೊಂದು ಕೋರಿಕೆ. ಸರಳಿನ ಗಾಡಿ ನಿಮ್ಮ ಬಾಗಿಲಿಗೆ ಬರುವ ಮುಂಚೆ ಸಿಮೆಂಟ್ ಇಟ್ಟಿಗೆಗಳನ್ನು ನಡದೆತ್ತರಕ್ಕಿಂತ ಒಂದು ಗೇಣು ಕಡಿಮೆ ಇರುವಂತೆ ನಾಲ್ಕು ಕಡೆ ಪೇರಿಸಿ, ಮೇಲೆ ಹಲಗೆ ಹಾಕಿಸಿ. ಬಂಡಲ್ಲುಗಳು ನೆಲಕ್ಕಿಳಿಯದೆ ಅದರ ಮೇಲೆ ಇಳಿಯಲಿ. ನಸುಕಿನಲ್ಲಿ ಗಾಡಿ ಬಂದರೆ ಬಂದವರಿಗೆ ಮೊದಲು ಚಹಾ ಕೊಡಿ, ಒಂದು ತಾಸು ಓಡಾಡಿಕೊಂಡಿರಲಿ. ಎರಡಾಳು ಹೊರುವ ಬಂಡಲ್ಲಿಗೆ ಮೂರನೆಯವನನ್ನು ಕರೆಸಿ, ಅವನ ಕೂಲಿಯನ್ನು ಸಿಮೆಂಟು, ಉಸುಕು, ಕಬ್ಬಿಣದ ಪಕ್ಕದಲ್ಲೇ ನಿಮ್ಮ ಮನೆಯ ಖರ್ಚಿನ ಪುಸ್ತಕದಲ್ಲಿ ಬರೆದುಕೊಳ್ಳಿ.